ಹೊಸದುರ್ಗದ ವಿಠಲರಾಯರು ರಾಮದಾಸರಾದ ಬಗೆ

ಹೊಸದುರ್ಗ ಎಂದೊಡನೆ ಚಿತ್ರದುರ್ಗ ಜಿಲ್ಲೆಯ ತಾಲೂಕು ಕೇಂದ್ರವನ್ನು ನೆನೆಯುವವರೇ ಹೆಚ್ಚು. ಇಲ್ಲಿ ಹೇಳುತ್ತಿರುವುದು ಕರಾವಳಿಯ ಹೊಸದುರ್ಗ. ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯಿಂದ ಹೆಸರು ಪಡೆದ, ಕಾಞಂಗಾಡಿಗೆ ತಾಗಿಕೊಂಡಿರುವ ಊರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾಗುವವರೆಗೂ ಇದು ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು. ಈ ಊರಿನಲ್ಲಿ 1884ರ ಏಪ್ರಿಲ್ 10ರಂದು, ಬಾಲಕೃಷ್ಣರಾವ್ ಮತ್ತು ಲಲಿತಾಬಾಯಿ ದಂಪತಿಯ ಹದಿಮೂರು ಮಕ್ಕಳಲ್ಲಿ ಒಬ್ಬರಾಗಿ ವಿಠಲರಾಯರು ಜನಿಸಿದರು. ಮುಂದೆ ಸ್ವಾಮಿ ರಾಮದಾಸರೆಂದು ದೇಶವಿದೇಶಗಳಲ್ಲಿ ಹೆಸರಾದವರು ಇವರೇ.

ಸಂತರ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಬಾಲ್ಯದಲ್ಲಿಯೇ ವೈರಾಗ್ಯದ ಕುರುಹುಗಳು ಕಾಣಿಸಿಕೊಳ್ಳುತ್ತವೆ. ವಿಠಲರಾಯರ ಬದುಕಿನಲ್ಲಿ ಅಂಥದ್ದನ್ನು ಹುಡುಕಿದರೆ ನಿರಾಶೆಯೇ ಸರಿ. ಶಾಲೆಯ ಪಾಠಗಳಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಇಂಗ್ಲಿಷ್ ಪುಸ್ತಕಗಳನ್ನು ಓದುವ ಹುಚ್ಚು ಮಾತ್ರ ಬಹಳವಾಗಿತ್ತು, ಚಿತ್ರ ಬರೆಯುವ ಕೈ ಇತ್ತು. ಮದ್ರಾಸಿನ ಕಲಾಶಾಲೆಯಲ್ಲಿ ಕೆಲಕಾಲ ಕಳೆದು, ಬಳಿಕ ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಸೇರಿ ಜವಳಿ ತಯಾರಿಕೆಯ ಶಿಕ್ಷಣ ಪಡೆದರು. 1908ರಲ್ಲಿ ರುಕ್ಮಾಬಾಯಿಯವರೊಡನೆ ವಿವಾಹವಾಯಿತು. 1913ರಲ್ಲಿ ಮಗಳು ಹುಟ್ಟಿದಳು.

ಆಮೇಲಿನದು ಅಂದಿನ ಎಷ್ಟೋ ವಿದ್ಯಾವಂತ ಕುಟುಂಬಸ್ಥರ ಕಥೆ. ಒಂದು ಗಿರಣಿಯಲ್ಲಿ ಕೆಲವು ತಿಂಗಳು, ಇನ್ನೊಂದರಲ್ಲಿ ಕೆಲವು ತಿಂಗಳು, ನಡುವೆ ನೌಕರಿಯಿಲ್ಲದ ದಿನಗಳು. ಊರಿಂದೂರಿಗೆ ಸಂಸಾರ ಸಾಗಿಸಿ ಬೇಸತ್ತ ರಾಯರು ಕೊನೆಗೆ ಮಂಗಳೂರಿಗೆ ಮರಳಿದರು. ಮಾವನವರ ಜವಳಿ ವ್ಯಾಪಾರದಲ್ಲಿ ಕೆಲಕಾಲ ದುಡಿದು, ಅನಂತರ ನೂಲಿಗೆ ಬಣ್ಣ ಹಾಕುವ, ಸೀರೆಗಳಿಗೆ ಅಚ್ಚೊತ್ತುವ ಸ್ವಂತ ಉದ್ಯೋಗ ತೆರೆದರು. ಅದೂ ಕೈಹಿಡಿಯಲಿಲ್ಲ. ಕೆಲಸ ಗೊತ್ತಿತ್ತು, ಲಾಭ ಮಾಡುವ ವಿದ್ಯೆ ಗೊತ್ತಿರಲಿಲ್ಲ. ಸಾಲ ಬೆಳೆಯಿತು, ಮನೆಯಲ್ಲಿ ನೆಮ್ಮದಿ ಕೆಟ್ಟಿತು.

ಮನೆಯೊಳಗೇ ದೊರೆತ ಗುರು

ವಯಸ್ಸು ಮೂವತ್ತಾರು, ಮೂವತ್ತೇಳು. ಬಾಳಿನ ಅರ್ಧ ಕಳೆದಿದೆ, ಕೈಯಲ್ಲಿ ಏನೂ ಉಳಿದಿಲ್ಲ ಎಂಬ ಅರಿವು ಮೂಡುವ ಕಾಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಇನ್ನೊಂದು ವ್ಯಾಪಾರಕ್ಕೆ ಕೈಹಾಕುತ್ತಾರೆ. ವಿಠಲರಾಯರು ರಾಮನಾಮಕ್ಕೆ ಮೊರೆಹೋದರು. ದುಃಖ ಮರೆಯಲು ಆರಂಭಿಸಿದ ಜಪ ದಿನದಿನಕ್ಕೆ ಹೆಚ್ಚಿತು. ಊಟ ಒಂದು ಹೊತ್ತಿಗೆ ಇಳಿಯಿತು, ನಿದ್ರೆ ಒಂದೆರಡು ಗಂಟೆಗೆ ಬಂದು ನಿಂತಿತು, ನೆಲದ ಮೇಲೆ ಚಾಪೆಯೇ ಹಾಸಿಗೆಯಾಯಿತು.

ಇದನ್ನೆಲ್ಲ ಗಮನಿಸುತ್ತಿದ್ದವರು ತಂದೆ ಬಾಲಕೃಷ್ಣರಾಯರು. ಅವರು ಒಂದು ದಿನ ಮಗನನ್ನು ಕರೆದು ಶ್ರೀರಾಮ ಜಯರಾಮ ಜಯಜಯರಾಮ ಎಂಬ ತ್ರಯೋದಶಾಕ್ಷರಿ ಮಂತ್ರವನ್ನು ಉಪದೇಶಿಸಿದರು. ಇದನ್ನು ಸದಾ ಜಪಿಸುತ್ತಿದ್ದರೆ ನಿತ್ಯಸುಖ ದೊರೆಯುವುದೆಂದು ಭರವಸೆಯಿತ್ತರು. ಅಂದಿನಿಂದ ಮಗ ತಂದೆಯನ್ನು ಗುರುದೇವ ಎಂದೇ ಭಾವಿಸಿದರು, ಬರವಣಿಗೆಯಲ್ಲಿಯೂ ಹಾಗೆಯೇ ಉಲ್ಲೇಖಿಸಿದರು.

ಗುರುವನ್ನು ಹುಡುಕುವವರು ಹಿಮಾಲಯದ ಕಡೆಗೆ ಮುಖ ಮಾಡುವುದು ರೂಢಿ. ರಾಯರಿಗೆ ಮಂತ್ರ ದೊರೆತದ್ದು ಮಂಗಳೂರಿನ ಮನೆಯೊಳಗೆ, ತನ್ನ ಸಾಲ ಸೋಲುಗಳನ್ನೆಲ್ಲ ಬಲ್ಲ ತಂದೆಯಿಂದ. ಹಾಗಿದ್ದರೆ ಮತ್ತೇಕೆ ಹೊರಟರು ಎಂಬ ಪ್ರಶ್ನೆ ಏಳುತ್ತದೆ. ಮಂತ್ರವಿತ್ತು, ಅದನ್ನು ಬಾಳುವ ಸಹವಾಸ ಇರಲಿಲ್ಲ ಎಂಬುದೇ ಇದಕ್ಕೆ ಸರಿಯಾದ ಉತ್ತರವೆಂದು ತೋರುತ್ತದೆ. ಅವರ ಸಂಗಾತಿಗಳೆಂದರೆ ಆಗ ಪುಸ್ತಕಗಳೇ. ಭಗವದ್ಗೀತೆ, ಬುದ್ಧನ ಬದುಕನ್ನು ಹೇಳುವ ಎಡ್ವಿನ್ ಅರ್ನಾಲ್ಡರ ಕಾವ್ಯ, ಕ್ರೈಸ್ತರ ಹೊಸ ಒಡಂಬಡಿಕೆ, ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಗಾಂಧೀಜಿ ಬರೆಯುತ್ತಿದ್ದ ಲೇಖನಗಳು ಅವರ ಮೇಲೆ ಗಾಢ ಪ್ರಭಾವ ಬೀರಿದವು. ಬಣ್ಣದ ಹಂಡೆಗಳ ನಡುವೆ ನಿಂತು ಈ ವಿಷಯಗಳನ್ನು ಯಾರೊಡನೆ ಮಾತಾಡುವುದು?

1922ರ ಡಿಸೆಂಬರ್ 27ರ ಬೆಳಗಿನ ಐದು ಗಂಟೆಗೆ ವಿಠಲರಾಯರು ಮನೆ ಬಿಟ್ಟರು. ಕೈಯಲ್ಲಿ 25 ರೂಪಾಯಿ ಮತ್ತು ಕೆಲವು ಪುಸ್ತಕಗಳಿದ್ದವು. ಹೆಂಡತಿಗೆ ಒಂದು ಪತ್ರ ಬರೆದಿಟ್ಟಿದ್ದರು. ಅದರಲ್ಲಿ ಆಕೆಯನ್ನು ಸೋದರಿ ಎಂದು ಸಂಬೋಧಿಸಿ, ರಾಮನ ಕರೆಗೆ ಓಗೊಟ್ಟು ಹೋಗುತ್ತಿರುವುದಾಗಿ ತಿಳಿಸಿದ್ದರು. ಮನೆಯವರೆಲ್ಲ ಚರಕ ಮತ್ತು ಖಾದಿಯನ್ನು ಕೈಗೊಳ್ಳಬೇಕೆಂದೂ ಕೇಳಿಕೊಂಡಿದ್ದರು. ಆಗ ಅವರ ವಯಸ್ಸು 38. ಮಗಳಿಗೆ ಒಂಬತ್ತೋ ಹತ್ತೋ ವರ್ಷ.

ಸಾಧುರಾಮರೆಂಬ ಸಂಗಾತಿಗಳು

ಮಂಗಳೂರಿನಿಂದ ಹೊರಟ ರೈಲು ಅವರನ್ನು ಈರೋಡಿಗೆ ತಂದಿಳಿಸಿತು. ಎಲ್ಲಿಗೆ ಹೋಗಬೇಕೆಂಬುದು ಗೊತ್ತಿಲ್ಲ, ತಮಿಳು ಬಾರದು. ಅಲ್ಲಿಂದ ತಿರುಚಿನಾಪಳ್ಳಿ, ಶ್ರೀರಂಗ. ಶ್ರೀರಂಗದಲ್ಲಿ ಕಾವೇರಿಗಿಳಿದು ಮಿಂದು, ಬಿಳಿಯ ಬಟ್ಟೆಯನ್ನು ನದಿಗೆ ಬಿಟ್ಟು, ಕಾವಿ ಉಟ್ಟು ಮೇಲೆ ಬಂದರು. ದಂಡ ಕಮಂಡಲು ಕೊಟ್ಟು ಸಂನ್ಯಾಸ ನೀಡಿದ ಯತಿಗಳು ಯಾರೂ ಇರಲಿಲ್ಲ. ಆ ದಿನದಿಂದ ವಿಠಲರಾಯರು ರಾಮದಾಸರಾದರು. ತನ್ನನ್ನು ತಾನು ನಾನು ಎನ್ನದೆ ರಾಮದಾಸ ಎಂದೇ ಹೇಳಿಕೊಳ್ಳುವ ಕ್ರಮ ಹಿಡಿದರು. ಅವರ ಪುಸ್ತಕಗಳೂ ಹಾಗೆಯೇ ಬರೆಯಲ್ಪಟ್ಟಿವೆ.

ಈ ಯಾತ್ರೆಯ ಸ್ವಾರಸ್ಯವಿರುವುದು ಕ್ಷೇತ್ರಗಳ ಪಟ್ಟಿಯಲ್ಲಲ್ಲ, ದಾರಿಯಲ್ಲಿ ಸಿಕ್ಕ ಜನರಲ್ಲಿ. ದಿಕ್ಕು ತೋಚದೆ ನಿಂತಲ್ಲಿ ಯಾರೋ ಒಬ್ಬ ಬೈರಾಗಿ ಬಂದು ಜೊತೆಗೂಡುತ್ತಿದ್ದ. ಟಿಕೆಟ್ಟಿಲ್ಲದೆ ರೈಲು ಹತ್ತುವ ಬಗೆ, ಛತ್ರಗಳಲ್ಲಿ ಊಟ ದೊರೆಯುವ ಹೊತ್ತು, ಮಲಗಲು ತಕ್ಕ ಜಗಲಿ ಎಲ್ಲವೂ ಅವನಿಗೆ ಗೊತ್ತು. ಕೆಲವು ದಿನ ಜೊತೆಗಿದ್ದು ಅವನು ತನ್ನ ದಾರಿ ಹಿಡಿದರೆ ಮತ್ತೊಬ್ಬ ಬರುತ್ತಿದ್ದ. ರಾಮದಾಸರು ಈ ಸಂಗಾತಿಗಳನ್ನೆಲ್ಲ ಸಾಧುರಾಮ ಎಂಬ ಒಂದೇ ಹೆಸರಿನಿಂದ ಕರೆದರು. ಓದುವವರಿಗೆ ಯಾವ ಸಾಧುರಾಮ ಎಲ್ಲಿ ಬಿಟ್ಟುಹೋದ, ಯಾವನು ಎಲ್ಲಿ ಸೇರಿಕೊಂಡ ಎಂಬುದು ಒಮ್ಮೊಮ್ಮೆ ಗೋಜಲಾಗುತ್ತದೆ. ಬರೆದವರಿಗೆ ಅದು ಮುಖ್ಯವಾಗಿರಲಿಲ್ಲ. ಸಮಾನಮನಸ್ಕರನ್ನು ಅರಸಿ ಹೊರಟ ಪದವೀಧರರ ಮಟ್ಟದ ಓದುಗನಿಗೆ ದೊರೆತವರು ಅಕ್ಷರ ಬಾರದ, ಕೆಲವೊಮ್ಮೆ ಕೋಪಿಷ್ಠರಾದ, ಬೀಡಿ ಗಾಂಜಾ ಸೇದುವ ಅಲೆಮಾರಿಗಳು. ಅವರಲ್ಲಿ ಮನಸ್ಸಿನ ಸಮಾನತೆಯನ್ನು ಹುಡುಕುವುದನ್ನೇ ಬಿಟ್ಟು, ರಾಮನೇ ಕಳಿಸಿದ ಜೊತೆಗಾರರೆಂದು ಅವರು ಒಪ್ಪಿಕೊಂಡರು.

ರೈಲಿನ ಅಧಿಕಾರಿಗಳು ಎಷ್ಟೋ ಸಲ ಈ ಜೋಡಿಯನ್ನು ಕೆಳಗಿಳಿಸಿದ್ದುಂಟು. ಇಳಿಸಿದ ಊರಿನಲ್ಲೇ ರಾಮದಾಸರು ತೃಪ್ತರಾಗಿ ಕೂರುತ್ತಿದ್ದರು. ಒಮ್ಮೆ ಅಧಿಕಾರಿಯೊಬ್ಬರು ಗಂಟು ಬಿಚ್ಚಿಸಿ ನೋಡಿದಾಗ ಗೀತೆಯ ಜೊತೆಗೆ ಹೊಸ ಒಡಂಬಡಿಕೆಯೂ ಹೊರಬಂದಿತು. ಕಾವಿಧಾರಿಗೆ ಕ್ರಿಸ್ತನಲ್ಲೂ ಭಕ್ತಿಯಿದೆಯೆಂದು ತಿಳಿದು ಅವರು ಪ್ರಯಾಣಕ್ಕೆ ಅಡ್ಡಿ ಮಾಡಲಿಲ್ಲ.

ರಾಮೇಶ್ವರ, ಮಧುರೆ, ಚಿದಂಬರಗಳ ಬಳಿಕ ಪಾಂಡಿಚೇರಿಗೆ ಹೋದರೂ ಅರವಿಂದರ ದರ್ಶನವಾಗಲಿಲ್ಲ. ಅಲ್ಲಿಂದ ತಿರುವಣ್ಣಾಮಲೆ. ಇಡೀ ಯಾತ್ರೆಯ ತಿರುವು ಇರುವುದು ಇಲ್ಲಿ. ರಮಣ ಮಹರ್ಷಿಗಳು ಆಗಿನ್ನೂ ಇಂದಿನಂತೆ ಲೋಕಪ್ರಸಿದ್ಧರಾಗಿರಲಿಲ್ಲ. ಪಾಲ್ ಬ್ರಂಟನ್ ಬಂದು ಅವರ ಕುರಿತು ಪುಸ್ತಕ ಬರೆದದ್ದು 1930ರ ದಶಕದಲ್ಲಿ. ತಮಿಳು ಬಾರದ ರಾಮದಾಸರು ಇಂಗ್ಲಿಷಿನಲ್ಲಿಯೇ ಅನುಗ್ರಹವನ್ನು ಬೇಡಿದರು. ಮಹರ್ಷಿಗಳು ಉತ್ತರ ಕೊಡಲಿಲ್ಲ, ಕೆಲವು ನಿಮಿಷ ಅವರ ಕಣ್ಣುಗಳನ್ನೇ ನೋಡಿ ತಲೆದೂಗಿದರು. ಅಷ್ಟೇ. ರಾಮದಾಸರು ಮೈಯೆಲ್ಲ ನಡುಗಿ ಎದ್ದುಬಂದು ಅರುಣಾಚಲದ ಗುಹೆಯೊಂದನ್ನು ಸೇರಿದರು. ಭಿಕ್ಷೆಯ ಅಕ್ಕಿಯನ್ನು ಬೇಯಿಸಿ ಉಪ್ಪಿಲ್ಲದೆ ಉಂಡು ಸುಮಾರು ಇಪ್ಪತ್ತು ದಿನ ಹಗಲಿರುಳು ಜಪ ಮಾಡಿದರು.

ಗುಹೆಯಿಂದ ಹೊರಬಂದ ಬೆಳಿಗ್ಗೆ ಅವರಿಗೆ ಲೋಕ ಬೇರೆಯಾಗಿ ಕಂಡಿತು. ಮರ, ಗಿಡ, ಕಲ್ಲು, ಎದುರಾದ ಮನುಷ್ಯ ಎಲ್ಲವೂ ರಾಮನೇ. ಮರಗಳನ್ನು ತಬ್ಬಿಕೊಂಡರು, ಬೆಟ್ಟದಲ್ಲಿ ಎದುರಾದ ಬಡವನೊಬ್ಬನನ್ನೂ ತಬ್ಬಿಕೊಂಡರು. ಆತ ಇವರಿಗೆ ಹುಚ್ಚು ಹಿಡಿದಿದೆಯೆಂದು ಹೆದರಿದನಂತೆ. ರಾಮದಾಸರು ಇದನ್ನು ಬರೆಯುವಾಗ ಯಾವ ಮುಜುಗರವೂ ಇಲ್ಲದೆ, ಆ ಮನುಷ್ಯನ ಭಯವನ್ನೂ ಸೇರಿಸಿಯೇ ಬರೆದಿದ್ದಾರೆ. ಅವರ ಬರಹದಲ್ಲಿ ನಮಗೆ ನಂಬಿಕೆ ಹುಟ್ಟುವುದು ಇಂಥ ಕಡೆಗಳಲ್ಲಿ.

ತಿರುಪತಿ, ಪುರಿ, ಕಲ್ಕತ್ತೆಯ ದಕ್ಷಿಣೇಶ್ವರ, ಕಾಶಿ, ಅಯೋಧ್ಯೆ, ಝಾನ್ಸಿ, ಬದರಿ ಕೇದಾರ, ಮಥುರೆ, ವೃಂದಾವನ, ಅಜ್ಮೀರದ ದರ್ಗಾ, ದ್ವಾರಕೆ, ಮುಂಬಯಿ, ಪಂಢರಪುರ. ಒಂದೇ ವರ್ಷದೊಳಗೆ ಇಷ್ಟನ್ನೂ ಸುತ್ತಿ ಅವರು ಕನ್ನಡ ನೆಲಕ್ಕೆ ಮರಳಿ, ಹುಬ್ಬಳ್ಳಿಯ ಸಿದ್ಧಾರೂಢರ ಮಠಕ್ಕೆ ಬಂದರು.

ಹುಬ್ಬಳ್ಳಿಗೆ ಬಂದ ಮನೆ

ಸಿದ್ಧಾರೂಢ ಸ್ವಾಮಿಗಳು ಆಗ ಜೀವಿಸಿದ್ದರು. ಅವರು ಸಮಾಧಿಸ್ಥರಾದದ್ದು 1929ರಲ್ಲಿ. ಜಾತಿಮತ ಕೇಳದೆ ಎಲ್ಲರಿಗೂ ಬಾಗಿಲು ತೆರೆದಿದ್ದ ಆ ಮಠದಲ್ಲಿ ರಾಮದಾಸರು ಸಂತೋಷದಿಂದ ಉಳಿದರು. ಸುದ್ದಿ ಮಂಗಳೂರಿಗೆ ತಲುಪಿತು. ರುಕ್ಮಾಬಾಯಿಯವರು ಮಗಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದರು.

ಈ ಪ್ರಸಂಗವನ್ನು ಬದಿಗಿಟ್ಟು ರಾಮದಾಸರ ಚರಿತ್ರೆಯನ್ನು ಬರೆಯುವುದು ನ್ಯಾಯವಲ್ಲ. ಶಾಸ್ತ್ರ ಹೇಳುವ ಕ್ರಮದಲ್ಲಿ ವಾನಪ್ರಸ್ಥ ಬರುವುದು ಸಂಸಾರದ ಹೊಣೆ ತೀರಿದ ಮೇಲೆ. ಇಲ್ಲಿ ಸಾಲ ತೀರಿರಲಿಲ್ಲ, ಮಗಳ ಮದುವೆಯಾಗಿರಲಿಲ್ಲ. ವರ್ಷಗಟ್ಟಲೆ ಗಂಡನ ನೌಕರಿಯ ಏರುಪೇರುಗಳನ್ನು ಸಹಿಸಿದ ಹೆಣ್ಣುಮಗಳು, ಒಂದು ಬೆಳಿಗ್ಗೆ ಎದ್ದು ತನ್ನನ್ನು ಸೋದರಿ ಎಂದು ಕರೆದಿರುವ ಪತ್ರವನ್ನು ಓದಬೇಕಾಯಿತು. ಬುದ್ಧನ ಹೆಂಡತಿಗೆ ಅರಮನೆಯಾದರೂ ಇತ್ತು. ರುಕ್ಮಾಬಾಯಿಯವರ ಕಡೆಯ ಮಾತು ನಮಗೆ ದೊರೆಯುವುದು ಗಂಡನ ಬರವಣಿಗೆಯ ಮೂಲಕವೇ. ಆದರೂ ಆಕೆ ಅಷ್ಟು ದೂರ ಪ್ರಯಾಣ ಮಾಡಿ ಬಂದು, ಮನೆಗೆ ಮರಳಬೇಕೆಂದು ನೇರವಾಗಿ ಕೇಳಿದರೆಂಬುದು ಅದರಿಂದಲೇ ಸ್ಪಷ್ಟವಾಗುತ್ತದೆ.

ರಾಮದಾಸರು ಸಿಟ್ಟಾಗಲಿಲ್ಲ, ಓಡಿಹೋಗಲೂ ಇಲ್ಲ. ಹೆಂಡತಿ ಮಗಳೊಡನೆ ಮಂಗಳೂರಿಗೆ ಬಂದರು. ಬಂದರೂ ಮನೆಯಲ್ಲಿ ನಿಲ್ಲದೆ ಕದ್ರಿ ಗುಡ್ಡದ ಪಾಂಡವರ ಗುಹೆಯನ್ನು ಸೇರಿದರು. ಮಂಜುನಾಥ ದೇವಾಲಯದ ಮೇಲ್ಭಾಗದಲ್ಲಿರುವ, ನಾಥಪಂಥದ ಜೋಗಿಮಠಕ್ಕೆ ಸಮೀಪದ ಈ ಗುಹೆಗಳನ್ನು ಮಂಗಳೂರಿನವರೆಲ್ಲ ಬಲ್ಲರು. ಮನೆಗೂ ಗುಹೆಗೂ ನಡೆದುಹೋಗುವಷ್ಟೇ ದೂರ. ಊರು ಬಿಟ್ಟು ಹೋದವನು ಊರಿನ ಕಣ್ಣೆದುರಿಗೇ, ಆದರೆ ಸಂಸಾರದ ಹೊರಗೆ ನಿಂತಂತಾಯಿತು. ಇದನ್ನು ರಾಜಿ ಎನ್ನಬೇಕೋ ನಿಷ್ಠುರತೆ ಎನ್ನಬೇಕೋ ಎಂಬ ಬಗ್ಗೆ ಭಿನ್ನಾಭಿಪ್ರಾಯ ಅಂದೂ ಇತ್ತು, ಇಂದೂ ಇರಬಹುದು.

ಆ ಗುಹೆಯಲ್ಲಿ ಕಳೆದ ತಿಂಗಳುಗಳಲ್ಲಿ ಅವರು ತಮ್ಮ ಒಂದು ವರ್ಷದ ಅಲೆದಾಟವನ್ನು ಇಂಗ್ಲಿಷಿನಲ್ಲಿ ಬರೆದರು. ಇನ್ ಕ್ವೆಸ್ಟ್ ಆಫ್ ಗಾಡ್ ಎಂಬ ಆ ಪುಸ್ತಕ 1925ರಲ್ಲಿ ಪ್ರಕಟವಾಯಿತು. ಸಣ್ಣ ಪುಸ್ತಕ, ಸರಳ ಭಾಷೆ, ನಡುನಡುವೆ ತನ್ನನ್ನೇ ನೋಡಿ ನಗುವ ಗುಣ. ಲೋಟ ಕಳ್ಳತನವಾದದ್ದು, ಚಳಿಗೆ ಹಲ್ಲು ಕಡಿದದ್ದು, ಪೊಲೀಸರು ಗದರಿಸಿದ್ದು ಎಲ್ಲವೂ ಅಲ್ಲಿವೆ. ಸಿದ್ಧಿಗಳ ವರ್ಣನೆ ಬಯಸುವವರಿಗೆ ಅದು ರುಚಿಸಲಾರದು.

ಪಿಲಿಕುಂಜೆಯಿಂದ ಕಾಞಂಗಾಡಿಗೆ

ಮತ್ತೆ ಕೆಲವು ವರ್ಷ ಅಲೆದಾಟ. ಈ ಸಲದ ಯಾತ್ರೆಯಲ್ಲಿ ರಾಮಚರಣದಾಸ ಎಂಬ ತರುಣ ಜೊತೆಗಿದ್ದ. 1928ರಲ್ಲಿ ಅಭಿಮಾನಿಗಳು ಕಾಸರಗೋಡಿನ ಪಿಲಿಕುಂಜೆಯಲ್ಲಿ ಅವರಿಗಾಗಿ ಒಂದು ಚಿಕ್ಕ ಆಶ್ರಮ ಕಟ್ಟಿಸಿದರು. ಆನಂದಾಶ್ರಮವೆಂದು ಹೆಸರಾಯಿತು. ಅದೇ ವರ್ಷ ಅಲ್ಲಿಗೆ ಬಂದವರು ಕೃಷ್ಣಾಬಾಯಿ. 1903ರಲ್ಲಿ ಹುಟ್ಟಿದ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ, ಇಬ್ಬರು ಗಂಡುಮಕ್ಕಳ ತಾಯಿ. ಬದುಕೇ ಬೇಡವೆನಿಸಿದ್ದ ಆಕೆ ರಾಮದಾಸರಲ್ಲಿ ಗುರುವನ್ನೂ ತಂದೆಯನ್ನೂ ಕಂಡರು. ಅವರನ್ನು ಪಪ್ಪಾ ಎಂದು ಕರೆದರು. ಮುಂದೆ ಭಕ್ತರೆಲ್ಲರ ಬಾಯಲ್ಲಿ ಇದೇ ಹೆಸರು ನಿಂತಿತು.

ವಿಧವೆಯೊಬ್ಬಳು ಸಂನ್ಯಾಸಿಯ ಆಶ್ರಮದಲ್ಲಿರುವುದನ್ನು 1928ರ ಕಾಸರಗೋಡು ಸುಲಭವಾಗಿ ಒಪ್ಪುವುದು ಸಾಧ್ಯವಿರಲಿಲ್ಲ. ಅಪವಾದ ಹಬ್ಬಿತು, ಬಂದುಹೋಗುವವರು ಕಡಿಮೆಯಾದರು. ಕೊನೆಗೆ ದುಷ್ಕರ್ಮಿಗಳು ಆಶ್ರಮಕ್ಕೇ ನುಗ್ಗಿದರು. ಕೃಷ್ಣಾಬಾಯಿಯವರನ್ನು ದೂರವಿರಿಸಿ ತನ್ನ ಹೆಸರನ್ನು ಉಳಿಸಿಕೊಳ್ಳುವ ದಾರಿ ರಾಮದಾಸರಿಗೆ ತೆರೆದೇ ಇತ್ತು. ಅವರು ಆಶ್ರಮವನ್ನೇ ಬಿಟ್ಟರು, ಆಕೆಯನ್ನು ಬಿಡಲಿಲ್ಲ. ಎಂಟು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳನ್ನು ಪತ್ರ ಬರೆದಿಟ್ಟು ತೊರೆದು ಹೋಗಿದ್ದ ಮನುಷ್ಯ ಇನ್ನೊಬ್ಬಳ ಮಾನಕ್ಕಾಗಿ ಹೀಗೆ ಗಟ್ಟಿಯಾಗಿ ನಿಂತದ್ದನ್ನು ಅವರ ಚರಿತ್ರೆ ಓದುವವರು ಗಮನಿಸದೆ ಇರಲಾರರು.

1931ರ ಮೇ 15ರಂದು ಕಾಞಂಗಾಡಿನಲ್ಲಿ ಈಗಿನ ಆನಂದಾಶ್ರಮ ಆರಂಭವಾಯಿತು. ಹುಟ್ಟಿದ ಊರಿನ ಮಗ್ಗುಲಿಗೇ ಅವರು ಮರಳಿದ್ದರು. 1933ರಿಂದ ದಿ ವಿಷನ್ ಎಂಬ ಇಂಗ್ಲಿಷ್ ಮಾಸಪತ್ರಿಕೆ ಹೊರಟಿತು. ಸುತ್ತಲ ಬಡಜನರಿಗಾಗಿ ಕೃಷ್ಣಾಬಾಯಿಯವರ ಮೇಲ್ವಿಚಾರಣೆಯಲ್ಲಿ ಶಾಲೆ, ಔಷಧೋಪಚಾರಗಳ ವ್ಯವಸ್ಥೆ ಬಂದಿತು. ಜಾತಿ, ಮತ, ದೇಶ ಯಾವುದನ್ನೂ ಕೇಳದೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ. ಕನ್ನಡ, ಕೊಂಕಣಿ, ಮಲಯಾಳ, ತುಳು, ಮರಾಠಿ, ಇಂಗ್ಲಿಷ್ ಎಲ್ಲವೂ ಅಲ್ಲಿನ ಜಗಲಿಯಲ್ಲಿ ಕೇಳಿಸುತ್ತಿದ್ದವು.

ರಾಮದಾಸರು ಬೋಧಿಸಿದ ಸಾಧನೆಯಲ್ಲಿ ಹೊಸದೆಂಬುದೇನೂ ಇರಲಿಲ್ಲ. ತಂದೆ ಕೊಟ್ಟ ಮಂತ್ರಕ್ಕೆ ಮೊದಲಲ್ಲಿ ಓಂಕಾರ ಸೇರಿಸಿ, ಅದನ್ನೇ ಬೇಡಿದವರಿಗೆಲ್ಲ ಕೊಟ್ಟರು. ಮನೆ ಬಿಡಿರೆಂದು ಬಂದವರಿಗೆ ಹೇಳುತ್ತಿರಲಿಲ್ಲ. ಇದ್ದಲ್ಲಿಯೇ ಇದ್ದು ಕೆಲಸ ಮಾಡುತ್ತ ನಾಮಸ್ಮರಣೆ ಮಾಡಬಹುದೆಂಬುದು ಗೃಹಸ್ಥರಿಗೆ ಅವರು ತೋರಿದ ದಾರಿ. 1949ರಲ್ಲಿ ನೌಕರಿ ಬಿಟ್ಟು ಬಂದ ಸ್ವಾಮಿ ಸಚ್ಚಿದಾನಂದರು ಅವರ ಬರವಣಿಗೆಯ ಮತ್ತು ಪತ್ರವ್ಯವಹಾರದ ಹೊಣೆ ಹೊತ್ತರು. 1954ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಕೃಷ್ಣಾಬಾಯಿ ಮತ್ತು ಸಚ್ಚಿದಾನಂದರೊಡನೆ ರಾಮದಾಸರು ವಿಶ್ವಪರ್ಯಟನಕ್ಕೆ ಹೊರಟರು. ಹಿಂದೊಮ್ಮೆ ಟಿಕೆಟ್ಟಿಲ್ಲವೆಂದು ರೈಲಿನಿಂದ ಇಳಿಸಲ್ಪಟ್ಟವರು ಯೂರೋಪು, ಅಮೆರಿಕ, ಜಪಾನುಗಳಲ್ಲಿ ಉಪನ್ಯಾಸ ಮಾಡಿ ಬಂದರು.

1963ರ ಜುಲೈ 25ರಂದು ಅವರು ದೇಹ ಬಿಟ್ಟರು. ಆಶ್ರಮದ ಹೊಣೆ ಕೃಷ್ಣಾಬಾಯಿಯವರದಾಯಿತು. ಲೋಕಶಾಂತಿಗಾಗಿ 15,500 ಕೋಟಿ ರಾಮನಾಮ ಜಪವಾಗಬೇಕೆಂದು ಅವರು ಸಂಕಲ್ಪಿಸಿದರು. ಅವರು 1989ರಲ್ಲಿಯೂ ಸಚ್ಚಿದಾನಂದರು 2008ರಲ್ಲಿಯೂ ತೀರಿಕೊಂಡರು.

ಅವರ ಬಳಿಗೆ ಬಂದ ಸಾಧಕರಲ್ಲಿ ಒಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. 1952ರಲ್ಲಿ ಬಿಹಾರದಿಂದ ಒಬ್ಬ ಶಾಲಾಶಿಕ್ಷಕ ಕಾಞಂಗಾಡಿಗೆ ಬಂದರು. ಹೆಸರು ರಾಮಸೂರತ್ ಕುಮಾರ್, ವಯಸ್ಸು ಮೂವತ್ತಮೂರು, ಊರಿನಲ್ಲಿ ಹೆಂಡತಿ ಮಕ್ಕಳು. ಅದಕ್ಕೂ ಮೊದಲೇ ಅವರು ಗುರುವನ್ನರಸಿ ಅರವಿಂದಾಶ್ರಮಕ್ಕೂ ರಮಣಾಶ್ರಮಕ್ಕೂ ಹೋಗಿದ್ದರು. ರಾಮದಾಸರು ಅವರಿಗೆ ಅದೇ ರಾಮಮಂತ್ರವನ್ನು ಉಪದೇಶಿಸಿದರು. ಆಶ್ರಮದಲ್ಲಿಯೇ ಉಳಿಯುವೆನೆಂದು ಆತ ಬೇಡಿಕೊಂಡಾಗ ಮಾತ್ರ ಒಪ್ಪಲಿಲ್ಲ. ಹೊರಗೆ ಹೋಗಿ ಭಿಕ್ಷೆ ಬೇಡಿ ಬದುಕಬೇಕೆಂದರು. ರಾಮಸೂರತ್ ಕುಮಾರರು ಹಲವು ವರ್ಷ ದೇಶವೆಲ್ಲ ಅಲೆದು, 1959ರಲ್ಲಿ ತಿರುವಣ್ಣಾಮಲೆ ಸೇರಿ, ದೇವಾಲಯದ ಸುತ್ತಮುತ್ತ ಕೈಯಲ್ಲೊಂದು ಬೀಸಣಿಗೆ, ತೆಂಗಿನ ಚಿಪ್ಪು ಹಿಡಿದು ಬಾಳಿದರು. 2001ರ ಫೆಬ್ರವರಿಯಲ್ಲಿ ಅವರು ತೀರಿಕೊಂಡದ್ದು ಆ ಊರಿನಲ್ಲಿಯೇ, ರಾಮದಾಸರು ಇಪ್ಪತ್ತು ದಿನ ಕುಳಿತಿದ್ದ ಬೆಟ್ಟದ ಕೆಳಗೆ.